ಮನೆಯ ವಾತಾವರಣ ಸರಿ, ಮುಳುಗಿದ ಮನೆಗಳ ಕತೆ ಹೇಳೋರು ಯಾರು?

ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿ ಮುಂದೆ ಹೋದರೆ ಕಾರಾಪುರ. ಅಲ್ಲಿ ಕಬಿನಿ ಹಿನ್ನೀರಿನ ದಂಡೆ ಮೇಲೆ ಕಬಿನಿ ರಿವರ್ ಲಾಡ್ಜ್ ಇದೆ. ಸುತ್ತಲಿನ ಹಳ್ಳಿಯವರು ಅದರ ಗೇಟು ನೋಡಿರುತ್ತಾರೆ. ಒಳಗೆ ಹೋದವರು ಹೆಚ್ಚಾಗಿ ಕೆಲಸಕ್ಕೆ ಹೋದವರೇ.

ಹೆಸರು ನದಿಯದ್ದಾದರೂ ಎದುರಿಗೆ ಕಾಣುವುದು ಕೆರೆಯಂತೆ ಹರಡಿಕೊಂಡ ನೀರು. ಮೈಸೂರು ಮಹಾರಾಜರು ಶಿಕಾರಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಬಂಗಲೆ, ವೈಸ್‌ರಾಯ್ ಹೆಸರಿನ ಇನ್ನೊಂದು ಬಂಗಲೆ ಇಲ್ಲೇ ಇವೆ. ಜಂಗಲ್ ಲಾಡ್ಜಸ್ ಸಂಸ್ಥೆ ಶುರುವಾಗಿದ್ದು 1980ರಲ್ಲಿ. ಅದು ಇವತ್ತು ರಾಜ್ಯ ಸರ್ಕಾರದ್ದು, ಅಂದರೆ ನಿಮ್ಮದೂ ನಮ್ಮದೂ.

ಈ ಜಾಗಕ್ಕೆ ಬಂದುಹೋದವರು ಹೊಗಳುವುದು ಎರಡು ವಿಷಯಕ್ಕೆ: ಇಲ್ಲಿ ಸಿಗುವ ವಿಶ್ರಾಂತಿ ಮತ್ತು ಮನೆಯಂಥ ವಾತಾವರಣ. ಈ ಮಾತು ಸುಳ್ಳಲ್ಲ. ಗೋಲ್ ಘರ್ ಎನ್ನುವ ದುಂಡನೆಯ ತೆರೆದ ಊಟದ ಮನೆ, ಹಳೇ ಮರಗಳ ನೆರಳು, ಎದುರಿಗೆ ನೀರು. ಕರ್ನಲ್ ಜಾನ್ ವೇಕ್‌ಫೀಲ್ಡ್ ಎಂಬ ಹಿರಿಯರು ಇಲ್ಲೇ ವರ್ಷಾನುಗಟ್ಟಲೆ ಇದ್ದರು. ಬಂದವರೆಲ್ಲ ಅವರನ್ನು ‘ಪಾಪಾ’ ಎಂದೇ ಕರೆಯುತ್ತಿದ್ದರು. 2010ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮನೆಗೊಬ್ಬ ಹಿರಿಯ ಇದ್ದಂತೆ ಆ ಲಾಡ್ಜಿಗೆ ಅವರಿದ್ದರು.

ಆದರೆ ಮನೆ ಅಂದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು. ಆ ನೀರಿನ ಕೆಳಗೆ ಯಾರ ಮನೆ ಇತ್ತು?

ಕಬಿನಿ ಅಣೆಕಟ್ಟು ಮುಗಿದಿದ್ದು 1974ರಲ್ಲಿ. 2284 ಅಡಿವರೆಗೆ ನೀರು ನಿಂತರೆ ಜಲಾಶಯ ಭರ್ತಿ, 19.52 ಟಿಎಂಸಿ. ಆ ನೀರು ನಿಲ್ಲಲು ಕಾಡು ಮುಳುಗಿತು, ಹೊಲ ಮುಳುಗಿತು, ಹಳ್ಳಿಗಳು, ಹಾಡಿಗಳು ಮುಳುಗಿದವು. ಒಕ್ಕಲು ಮಕ್ಕಳೂ ಎದ್ದುಹೋದರು, ಜೇನುಕುರುಬರೂ ಎದ್ದುಹೋದರು. ನೀರಿನ ನಡುವೆ ಕೈ ತೋರಿಸಿ “ನಮ್ಮಟ್ಟಿ ಅಲ್ಲಿತ್ತು” ಅನ್ನುವ ಅಜ್ಜ ಅಜ್ಜಿಯರು ಹೆಗ್ಗಡದೇವನಕೋಟೆ ಸೀಮೆಯಲ್ಲಿ ಇನ್ನೂ ಇದ್ದಾರೆ. ದೋಣಿಯಲ್ಲಿ ಹೋಗುವ ಅತಿಥಿಗಳು ಒಣಮರದ ತುದಿಯಲ್ಲಿ ಕೂತ ಹಕ್ಕಿಯ ಫೋಟೋ ತೆಗೆಯುತ್ತಾರೆ. ಆ ಒಣಮರ ಮುಳುಗಿದ ಕಾಡಿನ ಗುರುತು.

ಅಣೆಕಟ್ಟೇ ಬೇಡವಿತ್ತು ಅನ್ನುವುದು ನನ್ನ ವಾದವಲ್ಲ. ಅದರಿಂದ ನಂಜನಗೂಡು, ತಿ. ನರಸೀಪುರದ ಕಡೆ ಗದ್ದೆಗೆ ನೀರು ಬಂತು. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಪ್ರವಾಸಿಗರು ಬರುವುದೂ ಅದನ್ನು ನೋಡಲಿಕ್ಕೇ. ಒಬ್ಬರ ಮನೆ ಹೋಗಿ ಇನ್ನೊಬ್ಬರಿಗೆ ಅನ್ನ ಸಿಕ್ಕಿತು, ಮತ್ತೊಬ್ಬರಿಗೆ ವಿಶ್ರಾಂತಿ ಸಿಕ್ಕಿತು. ಹೋದವರನ್ನು ನೆನೆಯುವುದಾದರೂ ಬೇಡವೇ?

ಮಹಾರಾಜರ ಕತೆ, ವೈಸ್‌ರಾಯ್ ಕತೆ ಹೇಳುವಷ್ಟೇ ಹೆಮ್ಮೆಯಿಂದ ಹೇಳಬೇಕಾದ ಕತೆಗಳು ಈ ನೆಲದಲ್ಲಿ ಬೇರೆ ಇವೆ. ಕಾಕನಕೋಟೆಯ ಖೆಡ್ಡಾ ಲೋಕಕ್ಕೆಲ್ಲ ಹೆಸರಾಗಿತ್ತು. ಅಲ್ಲಿ ಆನೆಯ ಜಾಡು ಹಿಡಿದವರು, ಜೀವ ಒತ್ತೆ ಇಟ್ಟು ಆನೆ ಅಟ್ಟಿದವರು, ಆಮೇಲೆ ಪಳಗಿಸಿದವರು ಕಾಡಿನ ಜನ, ಮಾವುತರು, ಕಾವಾಡಿಗರು. ಇದೇ ಕಾರಾಪುರದಲ್ಲಿ 1924ರಲ್ಲಿ ಒಬ್ಬ ಮಾವುತನ ಮಗ ಹುಟ್ಟಿದ. ಹೆಸರು ಸಾಬು. 1937ರಲ್ಲಿ ‘ಎಲಿಫೆಂಟ್ ಬಾಯ್’ ಎನ್ನುವ ಇಂಗ್ಲಿಷ್ ಸಿನಿಮಾದಲ್ಲಿ ನಾಯಕನಾದ. ಮುಂದೆ ಹಾಲಿವುಡ್‌ಗೆ ಹೋಗಿ ದೊಡ್ಡ ನಟನಾದ. ನಮ್ಮ ತಾಲ್ಲೂಕಿನ ಎಷ್ಟು ಶಾಲೆಯ ಮಕ್ಕಳಿಗೆ ಈ ಹೆಸರು ಗೊತ್ತು?

ಆದ್ದರಿಂದ ಸರ್ಕಾರದ ಈ ಸಂಸ್ಥೆಗೆ ನನ್ನ ಮೂರು ಮಾತು.

ಒಂದು, ಅತಿಥಿಗಳು ದಿನಾ ಓಡಾಡುವ ಜಾಗದಲ್ಲೇ ಮುಳುಗಿದ ಊರು, ಹಾಡಿಗಳ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಕಾಣಲಿ. ಹಳೇ ತಲೆಗಳು ಇರುವಾಗಲೇ ಅವರನ್ನು ಕರೆದು, ಕೂರಿಸಿ, ಕೇಳಿ ಬರೆದುಕೊಳ್ಳಲಿ.

ಎರಡು, ಸುತ್ತಲಿನ ಸರ್ಕಾರಿ ಶಾಲೆ, ಆಶ್ರಮ ಶಾಲೆ ಮಕ್ಕಳಿಗೆ ಪ್ರವಾಸಿಗರು ಕಡಿಮೆ ಇರುವ ದಿನಗಳಲ್ಲಿ ಬಿಟ್ಟಿ ಪ್ರವೇಶ ಸಿಗಲಿ. ಬಂಗಲೆ ನೋಡಲಿ, ದೋಣಿ ಹತ್ತಲಿ, ಗೋಲ್ ಘರ್‌ನಲ್ಲಿ ಒಂದು ಹೊತ್ತು ಊಟ ಮಾಡಲಿ. ತಾತ ಬಿಟ್ಟುಹೋದ ನೆಲವನ್ನು ಮೊಮ್ಮಗ ಬೇಲಿಯಾಚೆ ನಿಂತು ನೋಡಬಾರದು.

ಮೂರು, ಮುದ್ದೆ, ಸೊಪ್ಪಿನ ಸಾರು, ಅವರೆಕಾಳು ಇಲ್ಲಿನ ಎಲೆಯಲ್ಲಿ ದಿನಾ ಇರಲಿ. ಅದರ ರಾಗಿ, ಕಾಳು ಅಕ್ಕಪಕ್ಕದ ರೈತರಿಂದಲೇ, ಸ್ತ್ರೀಶಕ್ತಿ ಸಂಘಗಳಿಂದಲೇ ಬರಲಿ.

ದಣಿವಾರಿಸಿಕೊಳ್ಳಲು ಬಂದವರ ಮೇಲೆ ಇದನ್ನೆಲ್ಲ ಯಾಕೆ ಹೇರಬೇಕು ಅಂತ ಕೆಲವರು ಕೇಳಬಹುದು. ನಮ್ಮ ಮನೆಗೆ ನೆಂಟರು ಬಂದರೆ ಏನು ಮಾಡುತ್ತೇವೆ? ಉಣ್ಣಲು ಇಕ್ಕಿ, ಎಲೆ ಅಡಿಕೆ ಕೊಟ್ಟು, ಜಗಲಿ ಮೇಲೆ ಕೂತು ಮನೆತನದ ಕತೆ ಹೇಳುತ್ತೇವೆ. ಈ ಮನೆ ಕಟ್ಟಿದವರು ಯಾರು, ಮೊದಲು ಇಲ್ಲಿ ಏನಿತ್ತು, ಯಾರು ಬಿಟ್ಟುಹೋದರು. ಅದನ್ನು ಕೇಳಿ ಯಾವ ನೆಂಟನೂ ನಿದ್ದೆಗೆಟ್ಟಿದ್ದಿಲ್ಲ. ಕೇಳಿದ ಮೇಲೆಯೇ ಅವನು ಮನೆಯವನಾಗುವುದು.

ಕಬಿನಿ ದಂಡೆಯ ಆ ಲಾಡ್ಜೂ ಅಷ್ಟು ಮಾಡಲಿ. ಆಗ ಮನೆಯ ವಾತಾವರಣ ಎನ್ನುವ ಮಾತನ್ನು ಗೇಟಿನ ಆಚೆ ನಿಂತ ನಾವೂ ಒಪ್ಪುತ್ತೇವೆ.