ಮಿಷನ್ ಹಂಚು

ರಾಜ್ಯೋತ್ಸವದ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ಧ್ವನಿ ಏರಿಸಿ ಹೇಳಿದರು: ‘ಕಿಟೆಲ್ ನಿಘಂಟು ಬರೆದದ್ದು ಕನ್ನಡದ ಮೇಲಿನ ಪ್ರೀತಿಗಲ್ಲ, ಮತಾಂತರಕ್ಕೆ.’ ಚಪ್ಪಾಳೆ ಬಿತ್ತು. ಅವರ ನಂತರ ಎದ್ದವರು, ‘ಪಾದ್ರಿಗಳು ಬಾರದಿದ್ದರೆ ನಾವಿನ್ನೂ ತಾಳೆಗರಿಯಲ್ಲೇ ಬರೆಯುತ್ತಿದ್ದೆವು’ ಎಂದರು. ಅದಕ್ಕೂ ಚಪ್ಪಾಳೆ, ಅದೇ ಜನ, ಅದೇ ಕೈಗಳು. ನನ್ನ ಪಕ್ಕ ಕೂತಿದ್ದ ಹಿರಿಯರಂತೂ ಎರಡಕ್ಕೂ ತಲೆದೂಗಿ, ಉಪ್ಪಿಟ್ಟು ಯಾವಾಗ ಎಂದು ವಿಚಾರಿಸಿದರು.

ಮೊದಲಿನವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಬಾಸೆಲ್ ಮಿಷನ್ 1853ರಲ್ಲಿ ಫರ್ಡಿನಾಂಡ್ ಕಿಟೆಲರನ್ನು ಇಲ್ಲಿಗೆ ಕಳಿಸಿದ್ದು ಸುವಾರ್ತೆ ಸಾರಲಿಕ್ಕೆ. ಕೇಶಿರಾಜನನ್ನು ಓದಿ ಬಾ ಎಂದು ಯಾವ ಮಿಷನ್ನೂ ಹಡಗಿನ ಖರ್ಚು ಕೊಡುವುದಿಲ್ಲ. ಆದರೆ ಉದ್ದೇಶ ಬಯಲಾದ ಕೂಡಲೇ ಕೆಲಸದ ಬೆಲೆಯೂ ಇತ್ಯರ್ಥವಾಯಿತು ಎಂದುಕೊಳ್ಳುವುದು ವಿಚಾರದಿಂದ ತಪ್ಪಿಸಿಕೊಳ್ಳುವ ಉಪಾಯ. ಎರಡನೆಯವರದೂ ಅದೇ ಕಸುಬು, ತಿರುವುಮುರುವಾಗಿ: ಬೆಳೆ ಚೆನ್ನಾಗಿ ಬಂದಿದೆ, ಆದ್ದರಿಂದ ಬಿತ್ತಿದವರೆಲ್ಲ ಪುಣ್ಯಾತ್ಮರು. ನನಗೆ ಕಾಣುವುದೇ ಬೇರೆ. ನಮ್ಮ ಕರಾವಳಿಯಲ್ಲಿ ಚರ್ಚಿನ ಪ್ರಭಾವ ಗಟ್ಟಿಯಾಗಿ ಉಳಿದಿರುವುದು ಅದರ ಗುರಿ ತಪ್ಪಿದ ಜಾಗಗಳಲ್ಲಿ. ಕ್ರೈಸ್ತರಾದವರಿಗಿಂತ ಆಗದವರ ಬದುಕಿನಲ್ಲಿ ಅದರ ಗುರುತು ಹೆಚ್ಚು.

ಕಿಟೆಲರನ್ನೇ ನೋಡಿ. ಬೈಬಲಿನ ಕಥೆಯನ್ನು ಈ ನಾಡಿನವರ ಕಿವಿಗೆ ಒಗ್ಗುವಂತೆ ಹೇಳಬೇಕೆಂದು ಅವರು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ ಬರೆದರು, 1862ರಲ್ಲಿ. ಛಂದಸ್ಸಿನ ಬೆನ್ನು ಹತ್ತಿದವರು ಅಲ್ಲಿಗೇ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿದರು, 1894ರಲ್ಲಿ ನಿಘಂಟು ತಂದರು. ಕಥಾಮಾಲೆ ಇವತ್ತು ಯಾರ ಮನೆಯಲ್ಲಿದೆ? ನಿಘಂಟಾದರೆ ಪಂಪನನ್ನು ಓದುವವರ, ಬಸವಪುರಾಣ ಓದುವವರ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇರುತ್ತದೆ. ಇದಕ್ಕೂ ಮುಂಚೆ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗರು ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. ಸುವಾರ್ತೆ ಸಾರಲು ಬಂದವರು ಹರಿದಾಸರ ಪ್ರಕಾಶಕರಾದರು.

ನಿಘಂಟಿನ ಮಾತು ಸಾಕು, ಅದನ್ನು ಹೇಳುವವರು ಬಹಳ. ನಾನು ಹಂಚಿನ ಮಾತು ಹೇಳುತ್ತೇನೆ.

ನಮ್ಮ ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವುದೆಂದರೆ ಮಕ್ಕಳಿಗೆ ಹಬ್ಬ. ಮೇಲೆ ಹತ್ತಿದವರು ಒಂದೊಂದೇ ಹಂಚು ಎತ್ತಿ, ರೀಪಿನ ಮೇಲಿನ ಕಸ, ಇಲಿಗೂಡು ಗುಡಿಸಿ ಕೆಳಗೆ ದಾಟಿಸುವರು. ಬಟ್ಟಬಯಲಾದ ಪಕ್ಕಾಸುಗಳ ನಡುವಿನಿಂದ ದೇವರಕೋಣೆಗೆ ಬಿಸಿಲು ಬೀಳುವುದು ವರ್ಷದಲ್ಲಿ ಆ ಒಂದು ದಿನ ಮಾತ್ರ. ಹಂಚಿನ ಮೈಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ನಾನು ಇಂಗ್ಲಿಷ್ ಕೂಡಿಸಿ ಓದಲು ಕಲಿತದ್ದು ಆ ಹಂಚುಗಳ ಮೇಲೆ ಬೆರಳಾಡಿಸಿ. ಅಜ್ಜ ಕಟ್ಟಾ ಮಡಿಯವರು. ಕ್ರೈಸ್ತರು ಜಗಲಿ ದಾಟುವಂತಿರಲಿಲ್ಲ. ಸಾಲಿಗ್ರಾಮ ಮಾತ್ರ ಮಿಷನ್ನಿನ ಮಾಡಿನ ಅಡಿಯಲ್ಲಿ ಬೆಚ್ಚಗಿತ್ತು. ಊರಿನ ದೈವಸ್ಥಾನಕ್ಕೂ ಅದೇ ಹಂಚು, ಮಸೀದಿಗೂ ಅದೇ.

ಈ ಹಂಚಿನ ಮೂಲದಲ್ಲಿ ಹೆಂಡವಿದೆ. ತುಳುನಾಡಿನಲ್ಲಿ ಮಿಷನ್ನಿಗೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು, ಅವರಲ್ಲಿ ಬಹಳ ಮಂದಿಯ ಕಸುಬು ತಾಳೆಮರ ಹತ್ತಿ ಶೇಂದಿ ಇಳಿಸುವುದು. ಪಾದ್ರಿಗಳಿಗೆ ಶೇಂದಿ ಪಾಪ, ಬಿಡಿಸಿದರು. ಕಸುಬು ಹೋಯಿತು, ಜಾತಿಯಿಂದ ಹೊರಬಿದ್ದದ್ದರಿಂದ ಒಕ್ಕಲುತನವೂ ಹೋಯಿತು. ಹೀಗೆ ಬೀದಿಗೆ ಬಿದ್ದವರಿಗೆ ಅನ್ನದ ದಾರಿ ಬೇಕಾಗಿ ನೇಯ್ಗೆ ಶುರುವಾಯಿತು, ಆಮೇಲೆ ಹಂಚು. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿಯ ಜೇಡಿಯಲ್ಲಿ ಒಳ್ಳೆಯ ಹಂಚು ಆಗುತ್ತದೆಂದು ಕಂಡುಕೊಂಡು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ. ಸ್ಥಳೀಯರೂ ನೋಡಿ ಕಲಿತು ತಮ್ಮತಮ್ಮ ಕಾರ್ಖಾನೆ ತೆರೆದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಜರ್ಮನರನ್ನು ಬಂಧಿಸಿ ಅವರ ಉದ್ಯಮವನ್ನೇ ವಶಪಡಿಸಿಕೊಂಡಿತು. ಹಂಚು ಉಳಿಯಿತು, ಮಿಷನ್ನಿನ ಹೆಸರು ಬಿದ್ದು ‘ಮಂಗಳೂರು ಹಂಚು’ ಆಯಿತು. ಮುಳಿಹುಲ್ಲಿನ ಮಾಡಿಗೆ ವರ್ಷ ವರ್ಷ ಹುಲ್ಲು ಹೊದೆಸುವ, ಬೆಂಕಿಗೆ ಅಂಜುವ ಕಾಟ ಎಷ್ಟೋ ಮನೆಗಳಿಗೆ ತಪ್ಪಿತು. ಇದು ಯಾವ ಪಾದ್ರಿಯ ಯೋಜನೆಯಲ್ಲಿ ಬರೆದಿತ್ತು?

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಕೆಲಸ ಕೊಡುವವರೂ ಜ್ಞಾನಸ್ನಾನ ಕೊಡುವವರೂ ಒಬ್ಬರೇ ಆದಾಗ ಕೂಲಿಯಾಳಿನ ನಂಬಿಕೆ ಎಷ್ಟು ಅವನದು? ಕ್ರೈಸ್ತ ಸಭೆಯ ಶಿಸ್ತು ಮೀರಿದವನಿಗೆ ಕಾರ್ಖಾನೆಯ ಗೇಟು ಎಷ್ಟು ದಿನ ತೆರೆದಿದ್ದೀತು? ಗಾಂಧೀಜಿ ಮಿಷನರಿಗಳಿಗೆ ಮತ್ತೆ ಮತ್ತೆ ಹೇಳಿದ್ದು ಇದನ್ನೇ: ಸೇವೆ ಮಾಡಿ, ಆದರೆ ಅದರ ಬೆನ್ನಿಗೆ ಮತಾಂತರದ ಆಸೆ ಕಟ್ಟಬೇಡಿ. ಈ ಆಕ್ಷೇಪವನ್ನು ತಳ್ಳಿಹಾಕುವ ಎದೆಗಾರಿಕೆ ನನಗಿಲ್ಲ. ಮಿಷನ್ ಕಾಂಪೌಂಡು ತುಳುನಾಡಿನ ಜಮೀನ್ದಾರರ ಗುತ್ತಿನ ಮನೆಯ ಹೊಸ ಬಗೆಯೇ ಆಗಿತ್ತು. ಯಜಮಾನ ಬದಲಾದ, ಯಜಮಾನಿಕೆ ಉಳಿಯಿತು. ಆದರೂ ಒಂದು ಮಾತು. ಗುತ್ತಿನ ಒಕ್ಕಲು ಯಾವ ದೈವಕ್ಕೆ ಕೈಮುಗಿಯಬೇಕೆಂದು ಅದಕ್ಕೂ ಮೊದಲು ಅವನೇನು ಆರಿಸಿಕೊಂಡಿದ್ದನೇ? ಅವನ ಬಳಿ ಇಲ್ಲದ ಸ್ವಾತಂತ್ರ್ಯವನ್ನು ಮಿಷನ್ ಕಸಿಯಿತೆಂದು ಮರುಗುವುದಾದರೆ, ಅದು ಅವನ ಬಳಿ ಯಾಕೆ ಇರಲಿಲ್ಲವೆಂದೂ ಮರುಗಬೇಕು. ಇನ್ನು ‘ಅಕ್ಕಿಗೆ ಮತ ಮಾರಿಕೊಂಡವರು’ ಎನ್ನುವವರಿಗೆ ಉತ್ತರ ದಂಡ. ಗದ್ದೆ ನೆಟ್ಟವನ ಗಡಿಗೆಯಲ್ಲಿ ಅಕ್ಕಿ ಯಾಕಿರಲಿಲ್ಲ ಎಂದು ಅವರು ಕೇಳಿದವರಲ್ಲ.

ಅಕ್ಕಿಯ ಹಂಗಿಲ್ಲದವರೂ ಹೋದರು. 1844ರಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರೇ ಕದಡಿಹೋಯಿತು. ಹೆಂಡತಿ ಜೊತೆಗೆ ಬರಲಿಲ್ಲ. ಅವನು ದೂರದ ಬಾಸೆಲ್ಲಿಗೆ ಹೋಗಿ ಓದಿ ಪಾದ್ರಿಯಾಗಿ ತಿರುಗಿ ಬಂದ. ಅವನ ನಿರ್ಧಾರ ಸರಿಯೋ ತಪ್ಪೋ, ಆ ಹೆಂಡತಿಗೆ ಅದರಿಂದ ಏನಾಯಿತೋ, ಅದನ್ನು ಬದಿಗಿಡುವಷ್ಟು ಕಲ್ಲುಮನಸ್ಸು ನನ್ನದಲ್ಲ. ಆದರೆ ದೇವರ ವಿಷಯದಲ್ಲಿ ಒಬ್ಬನೇ ನಿಂತು, ಕುಲವನ್ನು ಕೇಳದೆ, ತೀರ್ಮಾನ ಮಾಡಬಹುದು ಎಂಬುದನ್ನು ಆ ಊರು ಕಣ್ಣಾರೆ ಕಂಡಿತು. ಅಲ್ಲಮನ ನಾಡಿಗೆ ಇದು ಹೊಸದಲ್ಲ, ಒಪ್ಪುತ್ತೇನೆ; ಮರೆತದ್ದಂತೂ ಹೌದು.

ಕಂಡವರು ಸುಮ್ಮನೆ ಕೂರಲಿಲ್ಲ. 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಕಟ್ಟಿದ ಸಂಸ್ಥೆಯ ಹೆಸರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಅದೇ ವರ್ಷ ಕಲ್ಕತ್ತದಲ್ಲಿ ವಿವೇಕಾನಂದರು ಕಟ್ಟಿದ್ದು ರಾಮಕೃಷ್ಣ ಮಿಷನ್. ಇಬ್ಬರೂ ಕ್ರೈಸ್ತರಾಗಲಿಲ್ಲ, ‘ಮಿಷನ್’ ಎಂಬ ಮಾತನ್ನು ಮಾತ್ರ ಎತ್ತಿಕೊಂಡರು. ಮಾತಿನ ಜೊತೆಗೆ ಶಾಲೆ, ಆಸ್ಪತ್ರೆ, ಸಂಘಟನೆಯ ಚೌಕಟ್ಟೂ ಬಂತು. 1912ರಲ್ಲಿ ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಗುಡಿಯ ಬಾಗಿಲಲ್ಲಿ ತಡೆಸಿಕೊಂಡಿದ್ದ ಬಿಲ್ಲವರಿಗೆ ಗುಡಿಯೇ ಸಿಕ್ಕಿತು. ನಮ್ಮವರು ಇಗರ್ಜಿಗೆ ಹೋದಾರು ಎಂಬ ಅಂಜಿಕೆ ಎಷ್ಟು ದೇವಸ್ಥಾನಗಳ ಬಾಗಿಲು ಸಡಿಲಿಸಿತೋ ಲೆಕ್ಕವಿಟ್ಟವರಿಲ್ಲ. ಎದುರಾಳಿಯನ್ನು ತಿದ್ದಿದ್ದಕ್ಕಿಂತ ದೊಡ್ಡ ಪ್ರಭಾವ ಯಾವುದಿದೆ?

ಹಾಗೆ ಊರನ್ನು ತಿದ್ದಿದ ಚರ್ಚು ತನ್ನ ಅಂಗಳವನ್ನು ಗುಡಿಸಿಕೊಳ್ಳಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಬಾಸೆಲಿನವರು ಜಾತಿ ಬಿಟ್ಟೇ ಬರಬೇಕೆಂದು ಹಟ ಹಿಡಿದರು, ನಿಜ. ಆದರೆ 1606ರಲ್ಲಿ ಮಧುರೆಗೆ ಬಂದ ಕೆಥೊಲಿಕ್ ಪಾದ್ರಿ ರಾಬರ್ಟ್ ಡಿ ನೊಬಿಲಿ, ಜಾತಿಯೆಂಬುದು ಬರೀ ಲೋಕಾಚಾರ, ಮತಕ್ಕೆ ಅಡ್ಡಿಯಲ್ಲ ಎಂದು ಒಳಗೆ ಬಿಟ್ಟುಕೊಂಡದ್ದು ಇವತ್ತಿಗೂ ಹೊರಗೆ ಹೋಗಿಲ್ಲ. ಕೊಂಕಣಿ ಕೆಥೊಲಿಕರ ಮದುವೆ ಮಾತುಕತೆಯಲ್ಲಿ ಬಾಮಣ, ಚಾರೋಡಿ ಎಂಬ ಜಾತಿಗಳ ಪಿಸುಮಾತು ಇನ್ನೂ ಕೇಳುತ್ತದೆ. ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನವೊಂದರೊಳಗೆ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆಯನ್ನೇ ಕಟ್ಟಿದ್ದಾರೆ. ಪುನರುತ್ಥಾನದ ದಿನ ಆ ಗೋಡೆ ಹಾರಿ ಬರಬೇಕೋ ಏನೋ.

ಸರ್ಕಾರದ ಲೆಕ್ಕ ಇನ್ನೂ ವಿಚಿತ್ರ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಪಟ್ಟಿ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು, ಕ್ರೈಸ್ತರು ಸೇರಲಿಲ್ಲ. ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ ಎನ್ನುತ್ತದೆ ಸರ್ಕಾರ. ಇದೆ ಎನ್ನುತ್ತದೆ ಸ್ಮಶಾನದ ಗೋಡೆ.

ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಹಾಜರಿ ಪುಸ್ತಕದಲ್ಲಿ ಅವನದೊಂದು ಹೆಸರು. ತಾಲೂಕು ಕಚೇರಿಯ ಜಾತಿ ಸರ್ಟಿಫಿಕೇಟಿನಲ್ಲೂ ಅದೇ. ಭಾನುವಾರ ಅವನ ಮನೆಗೆ ಹೋದಾಗ ಒಳಗಿನಿಂದ ಅವನ ಅವ್ವ ಬೇರೊಂದು ಹೆಸರು ಹಿಡಿದು ಕೂಗಿದರು, ಬೈಬಲಿನ ಹೆಸರು. ಅವನು ಓಗೊಡಲಿಲ್ಲ. ನನ್ನ ಮುಖ ನೋಡಿದ, ಬಾಗಿಲು ಎಳೆದುಕೊಂಡು ಹೊರಗೆ ಬಂದ. ‘ಬಾ, ಗೋಲಿ ಆಡುವ’ ಎಂದ.