ವಸಡಿನಲ್ಲಿ ರಕ್ತ ಬಂದರೆ ಬಿಪಿ ಏರುತ್ತದೆಯೇ?

‘ಬಾಯಿ ಸ್ವಚ್ಛ ಇಟ್ಟುಕೊಳ್ಳಿ, ಬಿಪಿ ಮಾತ್ರೆ ಬಿಡಿ’ ಎಂಬ ಧಾಟಿಯ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಮೊದಲ ಅರ್ಧದಲ್ಲಿ ಹುರುಳಿದೆ. ಎರಡನೆಯ ಅರ್ಧವನ್ನು ನಂಬಿದರೆ ಜೀವಕ್ಕೆ ಕುತ್ತು.

ಹಲ್ಲಿನ ಬುಡದಲ್ಲಿ ಕೂತ ಪಾಚಿಯನ್ನು ಸರಿಯಾಗಿ ಉಜ್ಜಿ ತೆಗೆಯದಿದ್ದರೆ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ. ಅಲ್ಲಿ ಸೇರಿದ ಬ್ಯಾಕ್ಟೀರಿಯಾಗಳ ವಿರುದ್ಧ ದೇಹ ಹೋರಾಡುವಾಗ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಬ್ರಶ್ ತಾಗಿದರೆ ರಕ್ತ ಬರುತ್ತದೆ. ಇದೇ ಉರಿಯೂತ. ಕಾಲಿಗೆ ಮುಳ್ಳು ಚುಚ್ಚಿದಾಗ ಆಗುವುದೂ ಇದೇ. ಆದರೆ ಮುಳ್ಳು ತೆಗೆದರೆ ಊತ ಇಳಿಯುತ್ತದೆ. ಕಿಟ್ಟ ಹಾಗೇ ಉಳಿದರೆ ವಸಡಿನ ಉರಿಯೂತ ವರ್ಷಗಟ್ಟಲೆ ನಡೆದೇ ಇರುತ್ತದೆ.

ಈ ಹೋರಾಟದಲ್ಲಿ ಹುಟ್ಟುವ ರಾಸಾಯನಿಕಗಳು ಬಾಯಲ್ಲೇ ನಿಲ್ಲದೆ ರಕ್ತಕ್ಕೂ ಸೇರುತ್ತವೆ. ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುಗಡೆ ಮಾಡಿ ನಾಳವನ್ನು ಸಡಿಲಗೊಳಿಸುತ್ತದೆ. ಉರಿಯೂತ ಈ ಕೆಲಸವನ್ನು ಕೆಡಿಸುತ್ತದೆ. ನಾಳ ಬಿಗಿಯಾದರೆ ಒತ್ತಡ ಏರುತ್ತದೆ.

2020ರಲ್ಲಿ 26 ದೇಶಗಳ 81 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಲಾಯಿತು. ತೀವ್ರ ವಸಡು ರೋಗ ಇದ್ದವರಲ್ಲಿ ಅಧಿಕ ರಕ್ತದೊತ್ತಡದ ಸಾಧ್ಯತೆ ಸುಮಾರು ಶೇ. 49ರಷ್ಟು ಹೆಚ್ಚು ಕಂಡಿತು. ಕೇಳಲು ದೊಡ್ಡ ಸಂಖ್ಯೆ! ಆದರೆ ವಸಡು ರೋಗ ಇದ್ದವರ ಮೇಲಿನ ಬಿಪಿ ಸರಾಸರಿ ಹೆಚ್ಚಿದ್ದದ್ದು ನಾಲ್ಕೂವರೆ ಪಾಯಿಂಟ್ ಮಾತ್ರ. ವಯಸ್ಸು, ಸಕ್ಕರೆ ಕಾಯಿಲೆ, ತಂಬಾಕು ಇವೆಲ್ಲ ವಸಡನ್ನೂ ಕೆಡಿಸುತ್ತವೆ, ಬಿಪಿಯನ್ನೂ ಏರಿಸುತ್ತವೆ ಎಂಬುದನ್ನು ಮರೆಯಬಾರದು.

ಹಾಗಾದರೆ ಇದು ಬರೀ ಕಾಕತಾಳೀಯವೇ? ಅಲ್ಲ. 2007ರಲ್ಲಿ ಪ್ರಕಟವಾದ 120 ಜನರ ಪ್ರಯೋಗವೊಂದರಲ್ಲಿ, ವಸಡಿಗೆ ತೀವ್ರ ಚಿಕಿತ್ಸೆ ಪಡೆದವರ ರಕ್ತನಾಳಗಳು ಆರು ತಿಂಗಳ ನಂತರ ಉಳಿದವರಿಗಿಂತ ಚೆನ್ನಾಗಿ ಸಡಿಲಗೊಳ್ಳುತ್ತಿದ್ದವು. ಆದರೆ ಚಿಕಿತ್ಸೆಯ ಮರುದಿನ ಅದೇ ನಾಳಗಳ ಸ್ಥಿತಿ ತುಸು ಕೆಟ್ಟಿತ್ತು! ಬಿಪಿ ಅಂಕಿಯೇ ಇಳಿಯುತ್ತದೆಯೇ ಎಂಬುದರಲ್ಲಿ ಎಲ್ಲ ಪ್ರಯೋಗಗಳೂ ಒಂದೇ ಉತ್ತರ ಕೊಟ್ಟಿಲ್ಲ. ಹಲ್ಲು ಕ್ಲೀನ್ ಮಾಡಿಸಿದ ಮಾತ್ರಕ್ಕೆ ಮಾತ್ರೆ ನಿಲ್ಲಿಸಬಹುದು ಎಂದು ಯಾವ ಪ್ರಯೋಗವೂ ಹೇಳಿಲ್ಲ.

ಠಾಣಾ ಕುಶನೂರದಂಥ ಮಹಾರಾಷ್ಟ್ರ ಗಡಿಗೆ ಹತ್ತಿರದ ಊರುಗಳಲ್ಲಿ ತಂಬಾಕಿನ ಮಾತು ಬಿಟ್ಟು ವಸಡಿನ ಮಾತಾಡಲಾಗದು. ಗುಟ್ಕಾ ಒಂದು ಕಡೆ, ಸುಟ್ಟ ತಂಬಾಕಿನ ಪುಡಿ ಮಿಶ್ರಿ ಇನ್ನೊಂದು ಕಡೆ. ಮಿಶ್ರಿ ಉಜ್ಜಿದರೆ ಹಲ್ಲು ಗಟ್ಟಿಯಾಗುತ್ತವೆ ಎಂದು ನಂಬಿದ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ನಿಜಕ್ಕೂ ಆಗುವುದೇನು? ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ರೋಗ ಒಳಗೊಳಗೇ ಬೆಳೆಯುತ್ತಿದ್ದರೂ ರಕ್ತ ಕಡಿಮೆ ಬರುತ್ತದೆ. ‘ನಮ್ಮ ವಸಡು ಗಟ್ಟಿ ಇದೆ, ರಕ್ತವೇ ಬರುವುದಿಲ್ಲ’ ಎನ್ನುವವರು ಗೊತ್ತಾಗುವ ಹೊತ್ತಿಗೆ ಹಲ್ಲು ಅಲುಗಾಡುತ್ತಿರುತ್ತದೆ. ಅದೇ ನಿಕೋಟಿನ್ ಬಿಪಿಯನ್ನೂ ಏರಿಸುತ್ತದೆ.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂಬ ಮಾತೂ ತಪ್ಪು. ಮೊದಲೇ ಸಡಿಲವಾದ ಹಲ್ಲುಗಳನ್ನು ಕಿಟ್ಟ ಹಿಡಿದಿಟ್ಟಿರುತ್ತದೆ, ಅದು ಹೋದಾಗ ಗೊತ್ತಾಗುತ್ತದೆ ಅಷ್ಟೆ. ಹಲ್ಲೆಲ್ಲ ಉದುರಿದ ಮೇಲೆ ಬಡ ಹಿರಿಯರಿಗೆ ಕಟ್ಟಿಸಿಕೊಡಲು ಸರ್ಕಾರದ ‘ದಂತ ಭಾಗ್ಯ’ ಇದೆ. ಅಲ್ಲಿವರೆಗೆ ಕಾಯುವುದೇಕೆ? ಬೀದರ್‌ನಲ್ಲಿ ದಂತ ವೈದ್ಯಕೀಯ ಕಾಲೇಜೂ ಇದೆ.

ಮಾತ್ರೆ ನುಂಗುತ್ತಿರುವವರು ಇನ್ನೊಂದು ವಿಷಯ ತಿಳಿದಿರಲಿ. ಬಿಪಿಗೆ ಹೆಚ್ಚಾಗಿ ಕೊಡುವ ಆಮ್ಲೋಡಿಪಿನ್‌ನಿಂದ ಕೆಲವರಿಗೆ ವಸಡು ದಪ್ಪಗಾಗಿ ಹಲ್ಲಿನ ಮೇಲೆ ಬೆಳೆಯುತ್ತದೆ. ಹಾಗಾದರೆ ನೀವೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ಬಾಯಿ ತೋರಿಸಿ, ಅವರು ಬೇರೆ ಮಾತ್ರೆಗೆ ಬದಲಿಸಬಲ್ಲರು. ದಂತ ವೈದ್ಯರ ಬಳಿ ಹೋದಾಗಲೂ ಬಿಪಿ ಇದೆ, ಇಂಥ ಮಾತ್ರೆ ತಗೊಳ್ತೀನಿ ಎಂದು ಮೊದಲೇ ಹೇಳಿ. ಚೀಟಿ ಕಳೆದಿದ್ದರೆ ಮಾತ್ರೆಯ ಪಟ್ಟಿಯನ್ನೇ ಜೇಬಲ್ಲಿಟ್ಟುಕೊಂಡು ಹೋದರೂ ಸಾಕು.