ಪುಕ್ಕಟೆ ಕೊಡುವವರ ಲೆಕ್ಕ

ತಂಪುಪಾನೀಯದ ಕಂಪನಿ ಬೀದಿಯ ಅಂಗಡಿಗೆ ಫ್ರಿಜ್ಜನ್ನು ಪುಕ್ಕಟೆ ಕೊಡುತ್ತದೆ. ಕರಾರು ಒಂದೇ, ಅದರೊಳಗೆ ಬೇರೆಯವರ ಬಾಟ್ಲಿ ಇಡಕೂಡದು. ಕರೆಂಟಿನ ಬಿಲ್ಲು ಅಂಗಡಿಯವನದೇ. ವ್ಯಾಪಾರಿ ಬಂಧುಗಳಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದೇ ವ್ಯಾಪಾರ ನಮ್ಮ ಮಕ್ಕಳ ತರಗತಿಯೊಳಗೆ ನಡೆದರೆ ಅದಕ್ಕೆ ದಾನವೆಂದು ಹೆಸರು. ಉದ್ಘಾಟನೆಗೆ ಮಂತ್ರಿಗಳು, ಹಾರ, ಫೋಟೋ!

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಆಸುಪಾಸಿನ ಸರ್ಕಾರಿ ಶಾಲೆಗಳಿಗೆ ಕಂಪನಿಗಳು ಕಂಪ್ಯೂಟರು, ಸ್ಮಾರ್ಟ್ ಬೋರ್ಡುಗಳನ್ನು ಕೊಡುತ್ತಿವೆ. 2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಕಾನೂನು ಹೇರಿದ ಬಾಕಿಯನ್ನು ತೀರಿಸುವವನು ಕರ್ಣನಾಗುವುದು ಹೇಗೋ ನಮಗೆ ತಿಳಿಯದು. ಆ ಲಾಭ ಯಾರ ಬೆವರೆಂಬ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.

ನಾವು ಯಂತ್ರದ ವೈರಿಗಳಲ್ಲ. ಪೀಣ್ಯದ ಯಾವ ಕಾರ್ಮಿಕನೂ ಲೇತ್ ಕೆಟ್ಟದ್ದೆನ್ನುವುದಿಲ್ಲ; ಲೇತ್ ಯಾರದು ಎಂದು ಕೇಳುತ್ತಾನೆ. ಶಾಲೆಗೆ ಬರುವ ಸಾಧನದ ಬಗ್ಗೆಯೂ ನಮ್ಮ ಪ್ರಶ್ನೆ ಅದೇ.

ಬೆಂಗಳೂರಿನಲ್ಲೇ ಹುಟ್ಟಿದ ಬೈಜೂಸ್ ಕಂಪನಿಯ ಕಥೆಯನ್ನು ನೋಡಿ. 2020ರ ಮಾರ್ಚಿಯಲ್ಲಿ, ಕೊರೋನಾ ಬಂದು ಶಾಲೆಗಳು ಮುಚ್ಚಿದ ಹೊತ್ತಿನಲ್ಲಿ, ಅದು ತನ್ನ ಪಾಠಗಳನ್ನು ಕೆಲವು ವಾರ ಪುಕ್ಕಟೆ ತೆರೆದಿಟ್ಟಿತು. 2022ರಲ್ಲಿ ಆಂಧ್ರ ಸರ್ಕಾರ ಅದರೊಡನೆ ಒಪ್ಪಂದ ಮಾಡಿಕೊಂಡು, ಎಂಟನೇ ತರಗತಿಯ ಮಕ್ಕಳಿಗೆ ಆ ಪಾಠಗಳಿದ್ದ ಟ್ಯಾಬುಗಳನ್ನು ಹಂಚಿತು. ಪಾಠ ಪುಕ್ಕಟೆ ಎಂದಿತು ಕಂಪನಿ. ಟ್ಯಾಬಿನ ಬೆಲೆ ತೆತ್ತದ್ದು ಜನತೆಯ ಖಜಾನೆ. ಫ್ರಿಜ್ಜಿನ ಮಾತು ಜ್ಞಾಪಕಕ್ಕೆ ಬಂತಷ್ಟೆ? ಅದೇ ವರ್ಷದ ಅಕ್ಟೋಬರಿನಲ್ಲಿ ಸುಮಾರು 2,500 ನೌಕರರನ್ನು ಮನೆಗೆ ಕಳುಹಿಸುವುದಾಗಿ ಕಂಪನಿ ಪ್ರಕಟಿಸಿತು. 2024ರ ಜುಲೈಯಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಅದರ ಮೇಲೆ ದಿವಾಳಿ ವಿಚಾರಣೆಯನ್ನು ಅಂಗೀಕರಿಸಿತು. ದಾವೆ ಹೂಡಿದವರು ಯಾರು? ಕ್ರಿಕೆಟ್ ಮಂಡಳಿಯವರು! ಆಟಗಾರರ ಅಂಗಿಯ ಮೇಲೆ ಹೆಸರು ಹಾಕಿಸಿಕೊಂಡ ಬಾಬ್ತು 158 ಕೋಟಿ ರೂಪಾಯಿ ಬಾಕಿಯಂತೆ.

ಇದರ ನಡುವೆ ಇನ್ನೊಂದು ಸಂಗತಿ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಜಿಯೋಜೀಬ್ರಾ ಎಂಬ ಗಣಿತದ ಸಾಧನವೊಂದುಂಟು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ವಿದ್ಯಾರ್ಥಿಯಾಗಿದ್ದಾಗ ತಯಾರಿಸಲು ತೊಡಗಿದ್ದು. ತೆರೆಯ ಮೇಲೆ ತ್ರಿಕೋನದ ಒಂದು ಮೂಲೆಯನ್ನು ಹಿಡಿದೆಳೆದರೆ ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿ ಬಿಟ್ಟು ಕದಲುವುದಿಲ್ಲ. ಉರು ಹೊಡೆಯುತ್ತಿದ್ದ ಮಗು ಕಣ್ಣಾರೆ ಕಾಣುತ್ತದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಅನೇಕ ಶಿಕ್ಷಕರು ಇದನ್ನು ಕಷ್ಟಪಟ್ಟು ಕಲಿತು ಕನ್ನಡದಲ್ಲಿ ಪಾಠ ಮಾಡಿದರು. 2021ರ ಡಿಸೆಂಬರಿನಲ್ಲಿ ಬೈಜೂಸ್ ಅದನ್ನೂ ಕೊಂಡಿತು. ಪುಕ್ಕಟೆಯಾಗಿಯೇ ಉಳಿಯುತ್ತದೆಂದು ಮಾತು ಕೊಟ್ಟರು. ಕೊಂಡವರೇ ಮೂರು ವರ್ಷ ತುಂಬುವ ಮೊದಲು ದಿವಾಳಿಯ ಕಟಕಟೆಯಲ್ಲಿ ನಿಂತರು. ಸಾಧನವನ್ನು ನೆಚ್ಚಿದ ಶಿಕ್ಷಕರನ್ನು ಕೊಳ್ಳುವಾಗ ಕೇಳಿದವರಿಲ್ಲ, ಮುಳುಗುವಾಗಲೂ ಇಲ್ಲ. ಗೂಗಲ್ಲಿನವರು ಜಾಮ್‌ಬೋರ್ಡ್ ಎಂಬ ಬರೆಯುವ ಹಲಗೆಯನ್ನು ಶಾಲೆಗಳಿಗೆ ರೂಢಿ ಮಾಡಿಸಿ, 2024ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿದರು.

ಸರ್ಕಾರದ್ದಾದರೆ ಸಾಕೆ? 2017ರಲ್ಲಿ ಆರಂಭವಾದ ದೀಕ್ಷಾ ಸರ್ಕಾರದ್ದೇ. ನಮ್ಮ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಕಪ್ಪು ಚೌಕಗಳು ಅಲ್ಲಿಗೇ ಒಯ್ಯುತ್ತವೆ. ಅದರಲ್ಲಿದ್ದ ಲಕ್ಷಗಟ್ಟಲೆ ಶಿಕ್ಷಕರ ಮತ್ತು ಮಕ್ಕಳ ವಿವರಗಳು ಬೀಗವಿಲ್ಲದ ಉಗ್ರಾಣದಂತೆ ತೆರೆದು ಬಿದ್ದಿದ್ದವೆಂದು 2023ರ ಜನವರಿಯಲ್ಲಿ ಬಯಲಾಯಿತು. ಪಡಿತರ ಅಂಗಡಿಯ ಬಾಗಿಲು ಹೀಗೆ ತೆರೆದಿದ್ದರೆ ಅಂಗಡಿಯವನು ಜೈಲಿನಲ್ಲಿರುತ್ತಿದ್ದ.

ಮೇಲಾಗಿ, ಆ ಚೌಕವನ್ನು ಓದಲು ಫೋನು ಬೇಕು. ಗಾರ್ಮೆಂಟ್ಸಿಗೆ ಹೋಗುವ ತಾಯಿ, ಪಾಳಿಯ ಮೇಲೆ ಹೋಗುವ ತಂದೆ. ಮನೆಯಲ್ಲಿರುವುದು ಒಂದು ಫೋನು, ಅದೂ ಕೆಲಸಕ್ಕೆ ಹೋದವರ ಜೇಬಿನಲ್ಲಿ. 2020ರಲ್ಲಿ ಇದು ಸರ್ಕಾರಕ್ಕೂ ಮನವರಿಕೆಯಾಗಿ, ವಿದ್ಯಾಗಮವೆಂದು ಶಿಕ್ಷಕರನ್ನೇ ಮಕ್ಕಳಿದ್ದ ಕಡೆಗೆ ಕಳುಹಿಸಿತು. ದೇವಸ್ಥಾನದ ಜಗಲಿ, ಮರದ ನೆರಳು ಶಾಲೆಯಾದವು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.

ಬೇರೆ ದಾರಿಯಿಲ್ಲವೆಂದು ಯಾರೂ ಹೇಳಕೂಡದು. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್, ಶಾಲೆಗಳನ್ನು ಸ್ವತಂತ್ರ ತಂತ್ರಾಂಶದ ಮೇಲೆ ನಡೆಸುತ್ತಿದೆ. ಸ್ವತಂತ್ರವೆಂದರೆ ಬರೀ ಪುಕ್ಕಟೆಯಲ್ಲ: ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು, ಮಾಲೀಕ ಮುಳುಗಿದರೂ ಅದು ಮುಳುಗಬೇಕಾಗಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳೂ ಆ ವ್ಯವಸ್ಥೆಯೊಳಗಿವೆ. ಗಡಿಯಾಚೆಯ ಕನ್ನಡದ ಮಗುವಿಗೆ ದೊರೆತದ್ದು ಪೀಣ್ಯದ ಮಗುವಿಗೆ ಏಕಿಲ್ಲ? ನಮ್ಮಲ್ಲೂ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ, ಶಿಕ್ಷಕರ ಕೈಯಲ್ಲೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಕನ್ನಡದ ಭಂಡಾರವನ್ನು ಕಟ್ಟಿಸಿದ್ದುಂಟು. ಇಂಥದ್ದಕ್ಕೆ ಹಾರವೂ ಇಲ್ಲ, ಫೋಟೋವೂ ಇಲ್ಲ.

ನಾವು ಕೇಳುವುದು ಇಷ್ಟೆ. ಸರ್ಕಾರಿ ಶಾಲೆಯ ಸಾಧನಗಳು ಸ್ವತಂತ್ರ ತಂತ್ರಾಂಶದವಾಗಿರಲಿ, ಕನ್ನಡದಲ್ಲಿರಲಿ. ಇಂಟರ್ನೆಟ್ಟಿನ, ರಿಪೇರಿಯ ಖರ್ಚು ಶಿಕ್ಷಕಿಯ ಸಂಬಳದ ಮೇಲೆ ಬೀಳದಿರಲಿ. ಮಕ್ಕಳ ಹೆಸರು, ಫೋನ್ ನಂಬರು ಯಾವ ಕಂಪನಿಗೂ ಹೋಗದಿರಲಿ. ಕಾರ್ಮಿಕ ಸಂಘದವರೂ ವರ್ತಕ ಬಂಧುಗಳೂ ಈ ತಿಂಗಳು ತಮ್ಮ ಬಡಾವಣೆಯ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ, ಅಲ್ಲಿಗೆ ಬಂದಿರುವ ಪ್ರತಿಯೊಂದು ಪುಕ್ಕಟೆ ಸಾಧನದ ಕರಾರನ್ನು ಕನ್ನಡದಲ್ಲಿ ಓದಿ ಹೇಳಬೇಕೆಂದು ಒತ್ತಾಯಿಸತಕ್ಕದ್ದು.